ತಮ್ಮನ ಚುನಾವಣೆಯ ಪಂಚನಾಮೆ

೧೯೫೭ನೆಯ ಇಸವಿ, ಜನವರಿ ಏಳು, ಸೋಮವಾರ, ಮುಂಜಾನೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಇದು ಆರಂಭವಾಯಿತು. ವೇಳೆಯನ್ನು ಗುರುತು ಹಾಕಿಕೊಂಡವಳು ನಾನಲ್ಲ, ನನ್ನ ತಮ್ಮ. ಅವನು ಮೂವತ್ತೆರಡು ವರ್ಷ ಪೊಲೀಸ್ ಖಾತೆಯಲ್ಲಿದ್ದು, ಫೌಜದಾರನಿಂದ ಮೇಲೇರಿ, ಕೊನೆಗೆ ಒಂದು ಜಿಲ್ಲೆಯ ಪೊಲೀಸರಿಗೆಲ್ಲ ಮುಖ್ಯಸ್ಥನಾಗಿ ನಿವೃತ್ತನಾದವನು. ಹಲ್ಲುಜ್ಜಿದ ವೇಳೆಯನ್ನೂ ಡೈರಿಯಲ್ಲಿ ಬರೆಯುವ ರೂಢಿ ಅವನದು. ಅವನು ಬಾಗಲಕೋಟೆಯ ನನ್ನ ಮನೆಗೆ ಬಂದು ನೆಲೆಸಿದಂದಿನಿಂದ ಇಂಥ ಪ್ರಸಂಗಗಳಿಗೆ ಬಿಡುವೇ ಇಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಾರೆ; ಕೊನೆಯಲ್ಲಿ ಏನು ನಡೆಯಿತೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ನಾನು ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿಯಾಗಿದ್ದವಳು. ಬಿ.ಎ. ಪಾಸಾದ ಹೆಂಗಸರನ್ನು ಜನ ನಿಂತು ನೋಡುತ್ತಿದ್ದ ಕಾಲದಲ್ಲಿ ಪಾಸಾದೆ. ಒಂದು ವಿಷಯ ನನಗೆ ಅರ್ಥವಾಗಲಿಲ್ಲವೆಂದು ಸುಲಭವಾಗಿ ಒಪ್ಪಿದವಳಲ್ಲ. ಈ ಚುನಾವಣೆಯ ಮಟ್ಟಿಗೆ ಒಪ್ಪುತ್ತೇನೆ.

೧. ಹೇಳಿಕೆ

ಚಹಾದ ಬಟ್ಟಲನ್ನು ಕೆಳಗಿಟ್ಟು ತಮ್ಮ ಹೇಳಿದ: "ಅಕ್ಕಾ, ಈ ಸಲ ಚುನಾವಣಿಗೆ ಹೋಗಬೇಕಂತ ಮಾಡೇನಿ."

"ಬಂದೋಬಸ್ತಿಗೆ ಕರದಾರೇನು? ನೀ ರಿಟೈರ ಆಗಿ ಆರು ತಿಂಗಳಾತಲ್ಲೋ."

"ಬಂದೋಬಸ್ತಿಗಲ್ಲ. ಉಮೇದುವಾರ ಆಗಿ. ಲೋಕಸಭಾಕ್ಕ."

ನಾನೂ ನನ್ನ ಬಟ್ಟಲನ್ನು ಕೆಳಗಿಟ್ಟೆ. ಮನೆಮನೆಗೆ ಹೋಗಿ ಕೈಮುಗಿಯಬೇಕಾದ ಕೆಲಸವದು. ಇವನ ಎರಡು ಕೈಗಳು ದೇವರ ಕೋಣೆಯ ಹೊರಗೆ ಕೂಡಿದ್ದನ್ನು ನಾನು ಕಂಡಿರಲಿಲ್ಲ. ಯಾಕೆ ಎಂದು ಕೇಳಿದೆ.

"ಮೂವತ್ತೆರಡು ವರ್ಷ ಮಂದಿ ನನಗ ಸಲಾಮ ಹೊಡದಾರ, ಅಕ್ಕಾ. ಅದು ಟೊಪಿಗಿಗೆ ಹೊಡದದ್ದೋ, ನನಗ ಹೊಡದದ್ದೋ? ಟೊಪಿಗಿ ತಗದು ಗೂಟಕ್ಕ ಹಾಕಿದ ಮ್ಯಾಲೆ, ಯಾರ ಅಂಜಿಕೀನೂ ಇಲ್ಲದ, ತಾವಾಗೇ ನನಗೊಂದು ಚೀಟಿ ಹಾಕವರು ಯಾರರೆ ಇದ್ದಾರೇನು ಅಂತ ತಿಳೀಬೇಕಾಗೇದ. ಒಬ್ಬರಿದ್ದರೂ ಸಾಕು."

ಅವನ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಮರುಕ್ಷಣವೇ ಅವನು ಹೊಸದೊಂದು ರಜಿಸ್ಟರನ್ನು ತೆರೆದು ಪೆನ್ನಿನ ಮುಚ್ಚಳ ತೆಗೆದ.

"ನಿನ್ನ ಹೆಸರು ಒಂದನೇ ನಂಬರಿಗೆ ಬರಕೊಳ್ಳಲೇನು?"

"ಮತ ಗುಪ್ತ ಇರ್ತದ. ಸರಕಾರನ ಹೇಳೇದ."

"ನಾ ತಮ್ಮ ಅಲ್ಲೇನು?"

"ತಮ್ಮಗೊಂದು ಕಾಯ್ದೆ, ಊರಿಗೊಂದು ಕಾಯ್ದೆ ಇಲ್ಲ ಅಂತ ನೀನ ಹೇಳ್ತಿದ್ದಿ."

ಅವನು ರಜಿಸ್ಟರಿನ ಮೊದಲನೆಯ ಪುಟದಲ್ಲಿ ಏನೋ ಬರೆದು ಮುಚ್ಚಿದ. ಅವನು ಸ್ನಾನಕ್ಕೆ ಹೋದಾಗ ತೆರೆದು ನೋಡಿದೆ. ಹೀಗಿತ್ತು: "ನಂಬರ ಒಂದು. ಸ್ವಂತ ಅಕ್ಕ. ಹೇಳಿಕೆ ಕೊಡಲು ನಿರಾಕರಿಸಿದಳು. ಮುಖಭಾವ ಸಂಶಯಾಸ್ಪದ."

೨. ದೀಪ

ಈ ಚುನಾವಣೆಯಲ್ಲಿ ಪ್ರತಿ ಉಮೇದುವಾರನಿಗೂ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಮತದಾರನು ತನಗೆ ಕೊಟ್ಟ ಚೀಟಿಯನ್ನು ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರತಕ್ಕದ್ದು. ಹೆಸರು ಮರೆತರೂ ಗುರುತು ಮರೆಯಬಾರದು. ತಮ್ಮನಿಗೆ ಸಿಕ್ಕ ಗುರುತು ಸೈಕಲ್.

ಹಿಂದೆ ಇದೇ ಬಾಗಲಕೋಟೆಯಲ್ಲಿ ಫೌಜದಾರನಾಗಿದ್ದಾಗ ಅವನು ದೀಪವಿಲ್ಲದ ಸೈಕಲ್ಲುಗಳನ್ನು ಹಿಡಿಯುವುದರಲ್ಲಿ ಹೆಸರಾಗಿದ್ದ. ಊರಿನಲ್ಲಿ ಸೈಕಲ್ ಇದ್ದವರೆಲ್ಲ ಒಮ್ಮೆಯಾದರೂ ಅವನ ಮುಂದೆ ಗಾಳಿ ಬಿಟ್ಟ ಚಕ್ರದಂತೆ ನಿಂತವರೇ. ಗೋಡೆಗೆ ಹಚ್ಚುವ ಕಾಗದಗಳು ಅಚ್ಚಾಗಿ ಬಂದ ದಿನ ಕಿರಾಣಿ ಅಂಗಡಿಯವರು ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಸಾಹೇಬ್ರ, ದೀಪ ಎಲ್ಲೈತ್ರಿ?"

ತಮ್ಮ ನೋಡಿದ. ಚಿತ್ರದ ಸೈಕಲ್ಲಿಗೆ ನಿಜವಾಗಿಯೂ ದೀಪವಿರಲಿಲ್ಲ.

ಅವನ ಕೈಕೆಳಗೆ ದುಡಿದು ಅವನ ಹಿಂದೆಯೇ ನಿವೃತ್ತನಾದ ಒಬ್ಬ ಹವಾಲ್ದಾರ ಪ್ರಚಾರಕ್ಕೆ ಜೊತೆಗಿದ್ದ. ಎರಡು ದಿನ ನಮ್ಮ ಪಡಸಾಲೆಯಲ್ಲಿ ಕುಳಿತು ಆತ ಕೆಂಪು ಮಸಿಯಿಂದ ಒಂದೊಂದು ಸೈಕಲ್ಲಿಗೂ ದೀಪ ಬರೆದ. ಮೂರನೆಯ ದಿನ ಚುನಾವಣಾ ಕಚೇರಿಯಿಂದ ಕರೆ ಬಂತು. ಮಂಜೂರಾದ ಗುರುತನ್ನು ತಿದ್ದಕೂಡದು, ದೀಪ ತೆಗೆಯಬೇಕು.

"ದೀಪ ಇಲ್ಲದ ಸೈಕಲ್ಲು ಕಾಯ್ದೆಕ್ಕ ವಿರುದ್ಧ," ಎಂದ ತಮ್ಮ.

"ದೀಪ ಇದ್ದ ಸೈಕಲ್ಲೂ ಕಾಯ್ದೆಕ್ಕ ವಿರುದ್ಧರಿ," ಎಂದರು ಅಧಿಕಾರಿಗಳು.

ಮನೆಗೆ ಬಂದು ತಮ್ಮ ತಲೆಯ ಮೇಲೆ ಕೈಹೊತ್ತು ಕುಳಿತ. ಎರಡೂ ಮಾತು ಸರಿಯಾಗಿದ್ದವು. ನನಗೂ ದಾರಿ ತೋರಲಿಲ್ಲ. ಹವಾಲ್ದಾರನೇ ಉಪಾಯ ಹೇಳಿದ: "ಸಾಹೇಬ್ರ, ದೀಪ ಬೇಕಾಗೂದು ರಾತ್ರಿಗಲ್ರೇನು? ಇದು ಹಗಲಿ ಹೊಂಟ ಸೈಕಲ್ಲಂತ ಮಂದಿಗೆ ತಿಳಿದರ ಆತ್ರಿ." ತಮ್ಮ ಒಪ್ಪಿದ. ಆತ ದೀಪಗಳನ್ನೆಲ್ಲ ಕೆರೆದು ಅಳಿಸಿ, ಪ್ರತಿಯೊಂದು ಸೈಕಲ್ಲಿನ ಮೇಲೂ ಅಚ್ಚುಕಟ್ಟಾಗಿ ಒಬ್ಬ ಸೂರ್ಯನನ್ನು ಬರೆದು ಊರೆಲ್ಲ ಹಚ್ಚಿ ಬಂದ.

ಸೂರ್ಯ ಇನ್ನೊಬ್ಬ ಉಮೇದುವಾರನ ಗುರುತಾಗಿತ್ತು.

೩. ಕುಳಗೇರಿ ಕ್ರಾಸಿನ ಹಾರ

ತಮ್ಮನಿಗೆ ನಿಜವಾದ ಎದುರಾಳಿ ಒಬ್ಬರೇ, ಒಬ್ಬ ವಕೀಲರು. ಗುರುತು ತಕ್ಕಡಿ. ಉಳಿದ ಉಮೇದುವಾರರಿಗೆ ಈ ಬರಹದಲ್ಲಿ ಇನ್ನು ಕೆಲಸವಿಲ್ಲ. ವಕೀಲರು ನಮ್ಮ ಓಣಿಯವರೇ, ನಮ್ಮಿಂದ ನಾಲ್ಕನೆಯ ಮನೆ. ನಲವತ್ತೆರಡರ ಚಳವಳಿಯಲ್ಲಿ ಅವರನ್ನು ಹಿಡಿದು ಜೈಲಿಗೆ ಕಳಿಸಿದ ಫೌಜದಾರ ನನ್ನ ತಮ್ಮ. ಜೈಲಿನಿಂದ ಬಂದ ಮೇಲೆ, ನನ್ನ ಶಾಲೆಯ ಹುಡುಗಿಯರಿಗೆ ಮ್ಯಾಟ್ರಿಕ್ ವರ್ಗ ಮಂಜೂರಾಗಲೆಂದು ವರ್ಷಗಟ್ಟಲೆ ಪುಣೆಗೂ ಮುಂಬಯಿಗೂ ಓಡಾಡಿದವರು ಇದೇ ವಕೀಲರು. ನನ್ನ ಮತ ಗುಪ್ತವೆಂದು ನಾನು ಹೇಳಿದ್ದು ಕೇವಲ ತತ್ತ್ವಕ್ಕಾಗಿ ಅಲ್ಲವೆಂಬುದು ಈಗ ಓದುಗರಿಗೆ ಹೊಳೆದಿರಬಹುದು.

ಒಂದು ದಿನ ತಮ್ಮ, ಹವಾಲ್ದಾರ, ನಾನು, ಮೂವರೂ ಜೀಪಿನಲ್ಲಿ ಬಾದಾಮಿಗೆ ಹೊರಟಿದ್ದೆವು. ಕುಳಗೇರಿ ಕ್ರಾಸಿಗೆ ಎರಡು ಮೈಲು ಈಚೆಗೆ ಒಂದು ಬಸ್ಸು ಕೆಟ್ಟು ನಿಂತಿತ್ತು. ಅದರ ನೆರಳಲ್ಲಿ ವಕೀಲರು, ಕೊಡೆಯ ಮೇಲೆ ಭಾರ ಹಾಕಿ ನಿಂತಿದ್ದರು. ಅವರ ಸಭೆಯೂ ಬಾದಾಮಿಯಲ್ಲೇ.

"ಬರ್ರಿ ವಕೀಲರ, ಹತ್ರಿ," ಎಂದ ತಮ್ಮ.

ವಕೀಲರು ಹಿಂದಿನ ಆಸನದಲ್ಲಿ ಹವಾಲ್ದಾರನಿಗೂ ಕಾಗದದ ಗಂಟುಗಳಿಗೂ ನಡುವೆ ಸೇರಿಕೊಂಡರು. "ನಲವತ್ತೆರಡರಾಗೂ ನಿಮ್ಮ ಗಾಡ್ಯಾಗ ಹಿಂದನ ಕೂತಿದ್ದೆ ನೋಡ್ರಿ ಸಾಹೇಬ್ರ. ಆಗ ಕೈಗೆ ಬೇಡಿ ಇತ್ತು, ಈಗ ತೊಡಿ ಮ್ಯಾಲೆ ನಿಮ್ಮ ಸೈಕಲ್ಲಿನ ಗಂಟದ. ಬೇಡೀನ ಹಗರಿತ್ತು."

ಕ್ರಾಸಿನಲ್ಲಿ ಚಹಾಕ್ಕೆ ನಿಂತೆವು. ಅಂಗಡಿಯ ಮುಂದಿದ್ದ ಜನ ಜೀಪಿನ ಒಳಗೆ ಇಣುಕಿದರು. ಮುಂದೆ ಸಾಹೇಬ, ಹಿಂದೆ ಹವಾಲ್ದಾರ, ಪಕ್ಕದಲ್ಲಿ ವಕೀಲರು.

"ಲೇ, ವಕೀಲರನ್ನ ಮತ್ತ ಹಿಡದಾರಲೇ!"

"ಹಿಡದಿಲ್ರೋ," ಎಂದರು ವಕೀಲರು. "ನಾನ ಹತ್ತೇನಿ."

"ಹಂಗ ಹೇಳಂತ ಹೇಳಿಕೊಟ್ಟಾರ, ಪಾಪ!"

ತಮ್ಮ ಕೆಳಗಿಳಿದು, ವಕೀಲರು ಬೇಕಾದರೆ ಈಗಲೇ ಇಳಿದು ಹೋಗಬಹುದೆಂದು ಎಲ್ಲರೆದುರು ಸಾರಿದ. ಮುಂದಿನ ಬಸ್ಸು ಸಂಜೆಗೇ ಇದ್ದುದರಿಂದ ವಕೀಲರು ಗಾಬರಿಯಾಗಿ, "ನಾ ಇಳಿಯಾಂವ ಅಲ್ಲ!" ಎಂದುಬಿಟ್ಟರು.

"ಆಹಾ, ಏನು ಧೈರ್ಯರೀ!" ಎಂದು ಒಬ್ಬಾತ ಕೂಗಿದ. ಎಲ್ಲಿಂದಲೋ ಹಾರ ಬಂತು, ತೆಂಗಿನಕಾಯಿ ಒಡೆಯಿತು, ಜಯಕಾರವಾಯಿತು. ಯಾರೋ ಸೈಕಲ್ ಏರಿ ಮುಂದೆ ಓಡಿದರು. ದಾರಿಯುದ್ದಕ್ಕೂ ಜನ ಜೀಪನ್ನು ತಡೆದು ನಿಲ್ಲಿಸುತ್ತಿದ್ದುದರಿಂದ ನಾವು ಬಾದಾಮಿ ತಲುಪುವ ಹೊತ್ತಿಗೆ ಅರ್ಧ ಊರು ರಸ್ತೆಯಲ್ಲಿ ನಿಂತಿತ್ತು. ವಕೀಲರಿಗೆ ಅಂಥ ಸಭೆ ಹಿಂದೆಂದೂ ಕೂಡಿರಲಿಲ್ಲವಂತೆ. ನಮ್ಮ ಸಭೆಗೆ ಬಂದವರು ಹನ್ನೊಂದು ಜನ. ಅದರಲ್ಲಿ ಮೂವರು ನಾವೇ.

ಜೀಪಿನಿಂದ ಇಳಿಯುವಾಗ ವಕೀಲರು ತಮ್ಮನ ಎರಡೂ ಕೈ ಹಿಡಿದುಕೊಂಡು ಕೇಳಿದರು: "ಸಾಹೇಬ್ರ, ನಾಳೆ ಹುನಗುಂದಕ್ಕೂ ಹೊಂಟೀರೇನು?"

೪. ಹುನಗುಂದ

ಹುನಗುಂದದಲ್ಲಿ ಮಾತ್ರ ನಮಗೇ ಒಳ್ಳೆಯ ಜನ ಸೇರಿತ್ತು. ಬಯಲಿನ ತುಂಬ ರುಮಾಲುಗಳು. ತಮ್ಮನ ಮುಖ ಅರಳಿತು. ಜೀಪು ನಿಂತಿತು, ಅವನು ಕೆಳಗಿಳಿದ, ಅಷ್ಟೊಂದು ಜನ ಒಂದೇ ಕಡೆ ಗುಂಪುಗೂಡಿದ್ದನ್ನು ಕಂಡ ಅವನ ಬಲಗೈ ತಾನಾಗಿಯೇ ಮೇಲೆದ್ದಿತು.

"ಏನ್ ನಡದದ ಇಲ್ಲೆ? ಚದುರ್ರಿ, ಚದುರ್ರಿ!"

ಅಷ್ಟು ಶಿಸ್ತಿನಿಂದ ಮುಗಿದ ರಾಜಕೀಯ ಸಭೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

೫. ಶಂಖ, ಚಕ್ರ

ಹುನಗುಂದದಿಂದ ಇಳಕಲ್ಲಿಗೆ ಹೋದೆವು. ಅಷ್ಟರಲ್ಲಿ ತಮ್ಮ ಬಾಯಿಮಾತಿನ ಆಶ್ವಾಸನೆಯನ್ನು ನಂಬುವುದನ್ನು ಬಿಟ್ಟಿದ್ದ. ಮತ ಕೊಡುತ್ತೇನೆಂದವರ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಉದ್ಯೋಗ ಬರೆದು, "ಯಾರ ಒತ್ತಾಯವೂ ಇಲ್ಲದೆ" ಎಂದು ಸೇರಿಸಿ, ಇಬ್ಬರು ಪಂಚರೆದುರು ರಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಕೊನೆಗೆ ಎಲ್ಲರಿಗೂ ಒಂದು ಎಚ್ಚರಿಕೆ: "ಒಬ್ಬರಿಗೆ ಒಂದ ಮತ. ಎರಡು ಸಲ ಹಾಕಿದರ ಜೈಲು." ಸಂಜೆ ಭೂತಗನ್ನಡಿ ಹಿಡಿದು ಆ ಗುರುತುಗಳನ್ನು ನೋಡುತ್ತ ಕೂಡುವುದು ಅವನ ಸಂತೋಷ. ಮತದಾರರ ಮುಖ ಅವನಿಗೆ ನೆನಪಿರುತ್ತಿರಲಿಲ್ಲ, ಬೆರಳು ಮರೆಯುತ್ತಿರಲಿಲ್ಲ.

ನೇಕಾರರ ಮನೆಯೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಹೆಂಡತಿ ಮಗ್ಗದಲ್ಲಿದ್ದಳು. ಹಳೆಯ ರೂಢಿ ಬಾಯಿಗೆ ಬಂದು ತಮ್ಮ ಕೇಳಿದ: "ನಿನ್ನೆ ಸಂಜೀಕೆ ಎಲ್ಲಿದ್ದಿ?"

"ಮಗ್ಗದಾಗ ಇದ್ದೆರಿ."

"ಸಾಕ್ಷಿ ಯಾರು?"

"ಸೀರೀನ ಸಾಕ್ಷಿರಿ. ನಿನ್ನೆ ಇಲ್ಲೀತನಾ ಇತ್ತು, ಇವತ್ತು ಇಲ್ಲೀತನಾ ಬಂದೈತಿ."

ತಮ್ಮ ಮೆಚ್ಚಿ ತಲೆದೂಗಿದ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಮುಂದಿನ ಮನೆಗೆ ಹೋಗಿ ಕುಳಿತಿದ್ದೇವೆ, ಹಿಂದಿನಿಂದ ಜಗಳ ಕೇಳಿಸಿತು. ಸೀರೆಯ ದಡಿಯ ಮೇಲೆ ಕಪ್ಪು ಬೆರಳಿನ ಗುರುತು ಬಿದ್ದಿತ್ತು.

"ಕೈ ಒರಸದ ಮಗ್ಗಕ್ಕ ಕುಂತಿ, ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?" ಎಂದು ಗಂಡ.

"ನನ್ನದಲ್ರಿ ಅದು! ಮುಟ್ಟಿ ನೋಡಿದವರು ನೀವು."

ತಮ್ಮ ಭೂತಗನ್ನಡಿ ಹಿಡಿದು ಒಳಗೆ ಹೋದ. ದಡಿಯನ್ನು ನೋಡಿದ, ರಜಿಸ್ಟರನ್ನು ನೋಡಿದ, ಮತ್ತೆ ದಡಿಯನ್ನು ನೋಡಿದ. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು.

"ಈಕಿ ಬೆರಳಿನ ಗೆರಿಯಾಗ ಶಂಖ ಅದ. ದಡಿ ಮ್ಯಾಲೆ ಇದ್ದದ್ದು ಚಕ್ರ. ಗಂಡಂದು."

ಆ ಹೆಂಗಸು ಮಗ್ಗದಿಂದ ಎದ್ದು ಬಂದು ತಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. "ಮದಿವ್ಯಾಗಿ ಇಪ್ಪತ್ತು ವರ್ಷ ಆತ್ರಿ. ಇವರ ತಪ್ಪು ಇವರದ ಅಂತ ನಾಕು ಮಂದ್ಯಾಗ ಖರೆ ಆದದ್ದು ಇವತ್ತರಿ. ನನ್ನ ಮತ ನಿಮಗ, ದೇವರಾಣಿ."

"ನಂದು ತಕ್ಕಡಿಗೆ!" ಎಂದ ಗಂಡ.

ತಮ್ಮ ಎರಡನ್ನೂ ಬರೆದುಕೊಂಡ.

೬. ಒಂದು ಚೀಟಿ

ಮತದಾನದ ಹಿಂದಿನ ವಾರ ನಮ್ಮ ಓಣಿಯಲ್ಲಿ ರಜಿಸ್ಟರಿನ ಕೆಲಸ ಪೂರ್ತಿಯಾಯಿತು. ಹೆಂಗಸರೆಲ್ಲ ಹೆಬ್ಬೆಟ್ಟು ಕೊಟ್ಟಿದ್ದರು. ಬಿಟ್ಟವು ಎರಡೇ ಮನೆ: ವಕೀಲರ ಮನೆ, ಏಕೆಂದರೆ ಎದುರಾಳಿಯ ಹೊಸ್ತಿಲು ತುಳಿಯುವುದು ಸಭ್ಯತೆಯಲ್ಲ, ಮತ್ತು ನಮ್ಮ ಮನೆ, ಏಕೆಂದರೆ ನಾನು.

ಮತದಾನದ ದಿನ ತಮ್ಮ ಇಳಕಲ್ಲಿಗೆ ಹೋಗಿದ್ದ. ಹೆಂಗಸರ ಮತಗಟ್ಟೆ ನನ್ನ ಹಳೆಯ ಶಾಲೆಯಲ್ಲಿಯೇ. ಹತ್ತು ಗಂಟೆಗೆ ಹೋಗಿ ನೋಡಿದರೆ ಸಾಲಿನಲ್ಲಿದ್ದವರೆಲ್ಲ ಆಚೆ ಓಣಿಯವರು, ವಕೀಲರ ಬಂಧುಬಳಗ. ನಮ್ಮ ಓಣಿಯ ಒಬ್ಬಳೂ ಇಲ್ಲ. ತಿರುಗಿ ಬಂದೆ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದಳು.

"ಯಾಕವ್ವಾ, ಮತ ಹಾಕಲಿಕ್ಕೆ ಬರೂದಿಲ್ಲೇನು?"

"ಹಾಕೇನಲ್ರಿ ಅಕ್ಕೋರ, ನಿಮ್ಮ ತಮ್ಮಾರ ಪುಸ್ತಕದಾಗ. ನೋಡ್ರಿ, ಉಗರಾಗ ಇನ್ನಾ ಮಸಿ ಐತಿ."

"ಅದು ಮತ ಅಲ್ಲವಾ. ಮಾತು ಕೊಟ್ಟದ್ದು ಅಷ್ಟ. ಮತ ಸಾಲ್ಯಾಗ ಹಾಕಬೇಕು."

ಅಜ್ಜಿ ಮೊರವನ್ನು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದಳು. "ಎರಡು ಸಲ ಹಾಕಿದರ ಜೈಲಂತ ಅವರ ಹೇಳ್ಯಾರ. ನೀವು ಸಾಲಿ ಅಕ್ಕೋರು; ಕಾಯ್ದೆ ಅವರಿಗೆ ಗೊತ್ತೋ, ನಿಮಗೋ?"

ಮನೆಮನೆಯಲ್ಲೂ ಅದೇ ಉತ್ತರ. ಮೂವತ್ತು ವರ್ಷ ಈ ಓಣಿಗೆ ಅಕ್ಷರ ಕಲಿಸಿದ ನನ್ನ ಮಾತನ್ನು ಒಬ್ಬಳೂ ನಂಬಲಿಲ್ಲ. ಅವರು ಅಂಜಿ ಹೆಬ್ಬೆಟ್ಟು ಒತ್ತಿದರೋ ಪ್ರೀತಿಯಿಂದ ಒತ್ತಿದರೋ, ಅದೂ ನನಗೆ ತಿಳಿಯಲಿಲ್ಲ. ಕೊನೆಗೆ ಒಬ್ಬಳೇ ಹೋಗಿ ಪರದೆಯ ಹಿಂದೆ ನಿಂತೆ. ಒಂದು ಕಡೆ ಸೈಕಲ್, ಒಂದು ಕಡೆ ತಕ್ಕಡಿ. ಬಹಳ ಹೊತ್ತು ನಿಂತಿರಬೇಕು, ನನ್ನನ್ನು ಶಾಲೆಯ ಬಾಯಿಯೆಂದೇ ಬಲ್ಲ ಅಧಿಕಾರಿ ಹೊರಗಿನಿಂದ, "ಬಾಯಾರ, ಏನರೆ ತ್ರಾಸು ಆಗೇದೇನ್ರಿ?" ಎಂದು ಕೇಳಿದರು. ಮ್ಯಾಟ್ರಿಕ್ ಪಾಸಾದ ಹುಡುಗಿಯರನ್ನು ನೆನೆದು ಚೀಟಿಯನ್ನು ತಕ್ಕಡಿಯ ಪೆಟ್ಟಿಗೆಯಲ್ಲಿ ಹಾಕಿದೆ.

ವಕೀಲರು ಗೆದ್ದರು. ಎಣಿಕೆ ಮುಗಿಸಿಕೊಂಡು ಬಂದ ತಮ್ಮ ಮನೆಯೊಳಗೆ ಕಾಲಿಟ್ಟವನೇ ನನ್ನೆದುರು ಕುಳಿತು ಡೈರಿ ತೆರೆದ.

"ನಮ್ಮ ಓಣಿ ಹೆಣ್ಣುಮಕ್ಕಳ ಮತಗಟ್ಟಿ. ಸೈಕಲ್ ಪೆಟ್ಟಿಗಿ ತಗದ್ರು. ಒಳಗ ಒಂದ ಒಂದು ಚೀಟಿ." ಅವನ ಕಣ್ಣು ಒದ್ದೆಯಾಗಿತ್ತು. "ಪುಸ್ತಕದಾಗಿದ್ದ ಒಬ್ಬಾಕಿನೂ ಸಾಲಿ ಕಡೆ ಹಾದಿಲ್ಲ, ತಪಾಸ ಮಾಡೇನಿ. ಆಚಿ ಓಣಿ ಪೂರಾ ವಕೀಲರದು. ಪುಸ್ತಕದಾಗ ಇಲ್ಲದಾಕಿ ನೀ. ರುಜುವಾತಾತು."

"ವಕೀಲರ ಮನಿಯಾಕಿನೂ ಪುಸ್ತಕದಾಗ ಇಲ್ಲಲ್ಲೋ," ಎಂದೆ.

"ಆಕಿ ಗಂಡನ್ನ ಬಿಟ್ಟು ನನಗ್ಯಾಕ ಹಾಕ್ತಾಳ? ಅಕ್ಕಾ, ಬಿ.ಎ. ಆದಾಕಿ ನೀ, ವಿಚಾರ ಮಾಡಿ ಮಾತಾಡು." ಅವನು ಡೈರಿಯಲ್ಲಿ ಬರೆದ: ತಪಾಸು ಮುಗಿಯಿತು. ಬಳಿಕ ಪೆನ್ನಿನ ಮುಚ್ಚಳ ಹಾಕಿ, "ಅಂಜಿಕಿ ಇಲ್ಲದ ಹಾಕಿದಾಕಿ ನೀನೊಬ್ಬಾಕೆರೆ ಸಿಕ್ಕಿ. ಆದರ ನೀ ಅಕ್ಕ ಆದಿ," ಎಂದ.

ಆ ಚೀಟಿ ಯಾರದು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ನಾನೇ ಗೊಂದಲದಲ್ಲಿ ತಪ್ಪು ಪೆಟ್ಟಿಗೆಯಲ್ಲಿ ಹಾಕಿದೆನೇ ಎಂದೂ ಅನುಮಾನವಾಯಿತು.

ಮೂರನೆಯ ದಿನ ಮಧ್ಯಾಹ್ನ ವಕೀಲರ ಹೆಂಡತಿ ಗೆಲುವಿನ ಹೋಳಿಗೆ ಹಿಡಿದು ಹಿತ್ತಿಲ ಬಾಗಿಲಿನಿಂದ ಅಡಿಗೆಮನೆಗೆ ಬಂದರು. ತಮ್ಮ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ. ಅವರು ದನಿ ತಗ್ಗಿಸಿದರು.

"ಬಾಯಾರ, ಒಂದು ಮಾತು. ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ. ನಾ ಸೈಕಲ್ಲಿಗೆ ಹಾಕೇನಿ."

ನಾನು ಹೋಳಿಗೆಯ ಪಾತ್ರೆಯನ್ನು ಎರಡೂ ಕೈಯಿಂದ ಹಿಡಿದೆ.

"ನಲವತ್ತೆರಡರಾಗ ನಿಮ್ಮ ತಮ್ಮಾರು ಇವರನ್ನ ಹಿಡೀಲಿಕ್ಕೆ ಬಂದಾಗ ಇವರು ಆಗಷ್ಟ ಊಟಕ್ಕ ಕೂತಿದ್ರು. ಊಟ ಆಗಲಿ ಅಂತ ತಾವು ಕಟ್ಟಿ ಮ್ಯಾಲೆ ಕೂತ್ರು. ಮಜ್ಜಿಗಿ ಅನ್ನ ಆಗೂತನಾ ಏಳಲಿಲ್ಲ. ಹೋಗೂಮುಂದ ನನ್ನ ಕಡೆ ತಿರುಗಿ, 'ತಂಗಿ, ನಿಮ್ಮದು ಊಟ ಆತೇನು?' ಅಂತ ಕೇಳಿದ್ರು. ಇವರು ಜೈಲಿಗೆ ಹೋಗಿ ಬಂದು ಇಷ್ಟು ವರ್ಷ ಆತು, ಇವತ್ತಿನತನಾ ನಂದು ಊಟ ಆತೇನು ಅಂತ ಕೇಳಿಲ್ಲ."

"ನನ್ನ ತಮ್ಮಗ ಹೇಳಲೇನು?"

"ಅವರಿಗೆ ಹೇಳ್ರಿ. ಬೇಕಾದರ ಬರದು ಅಚ್ಚೂ ಹಾಕಸ್ರಿ; ಇವರು ಕಾಯ್ದೆ ಪುಸ್ತಕ ಬಿಟ್ಟು ಬ್ಯಾರೆ ಏನೂ ಓದೂದಿಲ್ಲ." ಹೊರಟವರು ಹೊಸ್ತಿಲಲ್ಲಿ ನಿಂತು ಹುಬ್ಬು ಗಂಟಿಕ್ಕಿದರು. "ಆದರ ಬಾಯಾರ, ಒಂದ ತಿಳೀವಲ್ದು. ಪೆಟ್ಟಿಗ್ಯಾಗ ಒಂದ ಚೀಟಿ ಇತ್ತಂತ. ಅದು ನಂದು. ಮತ್ತ ನಿಮ್ಮದು?"

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. "ಮತ ಗುಪ್ತ ಇರ್ತದ್ರಿ," ಎಂದೆ.

ಅವರು ಒಂದು ಕ್ಷಣ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, ಹಿತ್ತಿಲ ತುಂಬ ನಗುತ್ತ ಹೋದರು.

ತಮ್ಮನು ತಿಳಿಯಬೇಕೆಂದದ್ದು ನನ್ನ ಅಡಿಗೆಮನೆಗೆ ಬಂದು ಹೋಗಿತ್ತು. ಹೇಳಿದರೆ ಅವನಿಗೆ ಒಂದು ಮತ ಸಿಗುತ್ತದೆ, ಒಂದು ಮತ ಹೋಗುತ್ತದೆ. ಪಡಸಾಲೆಯಿಂದ ಅವನು ಕೂಗಿದ: "ಅಕ್ಕಾ, ಮಜ್ಜಿಗಿ!"

ಎರಡನ್ನೂ ಹೇಳಿಬಿಡಲು ನಿರ್ಧರಿಸಿದೆ. ಅವನ ಊಟ ಮುಗಿದ ಮೇಲೆ.